ಅಂಕಮ್ಮನ ಪ್ಲೇಟು

ಏಪ್ರಿಲ್ 14, 1974, ಭಾನುವಾರ. ಶಂಕಗಿರಿ

ಕಾಲು ಮುರಿದವರಿಗೆ ಕಿವಿಯೂ ಇರುವುದಿಲ್ಲ ಎಂದು ಈ ಮನೆಯವರು ತಿಳಿದಿರಬೇಕು.

ಬುಧವಾರ, ಪರೀಕ್ಷೆಯ ಕೊನೆಯ ದಿನ, ನಾನು ಪಾಠ ಮಾಡುವ ಶಾಲೆಯ ಮೆಟ್ಟಿಲ ಮೇಲೆ ಜಾರಿದೆ. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿದೆ. ನಂಗವಳ್ಳಿಯಲ್ಲಿ ನಾನು ಒಬ್ಬಳೇ ಇರುವವಳು, ಒಂದು ಲೋಟ ನೀರು ಕೊಡುವವರಿಲ್ಲ ಎಂದು ತಮ್ಮ ಮಾದೇಶ ಲಾರಿ ತಂದು, ಹಾಸಿಗೆ ಸಮೇತ ನನ್ನನ್ನು ಎತ್ತಿ ಹಾಕಿಕೊಂಡು ಬಂದ. ಒಪ್ಪಿದೆ. ಕಟ್ಟು ಕಟ್ಟುವವನು ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಳಿದು, ಬಟ್ಟೆ ಸುತ್ತಿ, ಎಂಟು ವಾರ ಕಾಲು ಊರಬಾರದು ಎಂದು ಹೇಳಿ ಹೋದ. ಅದನ್ನೂ ಒಪ್ಪಿದೆ. ಆದರೆ ನನ್ನ ಮಂಚ ಹಾಕಿರುವುದು ಮುಂದಿನ ಹಾಲಿನಲ್ಲಿ, ರೆಕಾರ್ಡ್ ಪ್ಲೇಯರಿನ ಮೇಜಿಗೆ ಅಂಟಿಕೊಂಡು!

ಪ್ಲೇಯರನ್ನು ಮಾದೇಶನೇ ಬೊಂಬಾಯಿಯಿಂದ ತಂದದ್ದು. ಲಾರಿ ಓನರ್ ಮನೆ ಎಂದರೆ ಬಂದವರ ಕಣ್ಣಿಗೆ ಬೀಳುವಂತೆ ಅದೊಂದು ಇರಬೇಕಂತೆ. ಅವನ ಹೆಂಡತಿ ಅಂಕಮ್ಮ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದ್ದಾಳೆ. ಹೊದಿಸಿ ಸುಮ್ಮನಿದ್ದರೆ ಆಗುತ್ತಿತ್ತು. ಇವತ್ತು ಬೆಳಿಗ್ಗೆ ಮಾದೇಶನ ಲಾರಿ ಗೇಟು ದಾಟಿತೋ ಇಲ್ಲವೋ, ಬಟ್ಟೆ ಸರಿಸಿ ಒಂದು ಕಪ್ಪು ತಟ್ಟೆ ಇಟ್ಟಳು. ಯಾವಳೋ ಒಬ್ಬಳು ಕೂಗತೊಡಗಿದಳು. ಹಿಂದಿನಿಂದ ಡಬಡಬ ಎಂದು ತಗಡು ಬಡಿದಂಥ ಶಬ್ದ. ಹೊರಗೆ ಲಾರಿ ಶೆಡ್ಡಿನಲ್ಲಿ ನಿಜವಾಗಿಯೂ ತಗಡು ಬಡಿಯುತ್ತಿದ್ದರು. ಯಾವುದು ಹಾಡು, ಯಾವುದು ಟಿಂಕರಿಂಗ್ ಎಂದು ತಿಳಿಯಲಿಲ್ಲ. ತಮಿಳು ಹೊಸ ವರ್ಷದ ದಿನ, ದೇವರ ದೀಪಕ್ಕೆ ಮುಂಚೆ!

ಅಂಕಮ್ಮನಿಗೆ ಇಪ್ಪತ್ತೆರಡು. ಕಂಬೈನಲ್ಲೂರಿನ ಕುರಿ ಸಾಕುವ ಮನೆಯ ಹುಡುಗಿ. ಮದುವೆಯಾಗಿ ಎರಡು ವರ್ಷ. ಮಾತು ಕಡಿಮೆ ಎಂದು ಹೇಳಿ ತಂದುಕೊಂಡೆವು. ಮಾತು ಉಳಿಸಿದ್ದು ಇದಕ್ಕೆ ಎಂದು ಯಾರಿಗೆ ಗೊತ್ತಿತ್ತು?

ಏಪ್ರಿಲ್ 16

ಕವರ್ ತಂದು ತೋರಿಸು ಎಂದೆ. ತಂದಳು. ಹಾಡುವವಳ ಹೆಸರು ಐರೀನ್ ಸ್ವಾಮಿದಾಸ್. ಕಾರಿನ ಬಾನೆಟ್ಟಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದಾಳೆ. ಪಾದದ ಹತ್ತಿರ ಗಂಟೆಯಂತೆ ಅಗಲವಾದ ಪ್ಯಾಂಟು. ಅರ್ಧ ಮುಖ ಕಪ್ಪು ಕನ್ನಡಕ. ಹಣೆ ಬೋಳು. ಯಾರ ಮನೆಯ ಕಾರೋ, ಯಾರ ಮನೆಯ ಮಗಳೋ.

"ಇದು ಯಾವ ಸಂಗೀತ?"

"ಪಾಪ್ ಅಂತಾರೆ ಅತ್ಗೆ."

ಪಾಪ. ಹೆಸರಾದರೂ ಸರಿಯಾಗಿ ಇಟ್ಟಿದ್ದಾರೆ.

"ಯಾರು ತಂದದ್ದು? ಮಾದೇಶನೋ?"

"ಇಲ್ಲ, ನಾನೇ ತರ್ಸಿದ್ದು. ರೇಡಿಯೋದಾಗೆ ಕೇಳಿದ್ದೆ. ಒಸಾ ಪ್ಲೇಟು ಬಂದೈತೆ ಅಂದ್ರು. ಅಣ್ಣಾಮಲೈ ಅಣ್ಣ ಬಾಂಬೇಗೆ ಓಗ್ತಿತ್ತು, ಸಿಕ್ಕಿದ್ರೆ ತಗೊಂಡ್ ಬಾ ಅಂದೆ."

ಅಣ್ಣಾಮಲೈ ನಮ್ಮ ಲಾರಿಯ ಡ್ರೈವರ್. ವಯಸ್ಸಾದವನು, ಮೊಮ್ಮಕ್ಕಳಿರುವವನು. ಆದರೂ ಮನೆಯ ಸೊಸೆ ಡ್ರೈವರಿಗೆ ಹೇಳಿ ಸಾಮಾನು ತರಿಸುವುದೆಂದರೇನು?

ಇಷ್ಟು ಸಾಲದೆಂದು, "ಇದ್ರಾಗೆ ನಮ್ಮ ಮಾತಿಂದೂ ಒಂದೈತೆ ಅತ್ಗೆ, ಕೇಳಿ" ಎಂದು ತಟ್ಟೆ ಮಗುಚಿ ಮುಳ್ಳು ಇಟ್ಟಳು. ಇಂಗ್ಲಿಷು, ಹಿಂದಿ, ತಮಿಳು ಎಲ್ಲಾ ಮುಗಿದ ಮೇಲೆ ಆ ಹೆಂಗಸು ಕನ್ನಡಕ್ಕೂ ಕೈ ಹಾಕಿದ್ದಾಳೆ!

"ಹೇಳೇ ಹೇಳೇ ಹೆದ್ದಾರಿ, ಹತ್ತಿರವೇನೇ ಅವನೂರು" ಎಂದು ಬರೆದಿರಬೇಕು, ಬರೆದ ಪುಣ್ಯಾತ್ಮ. ಇವಳು ಹಾಡುವುದು "ಏಳೇ ಏಳೇ ಎದ್ದಾರಿ, ಅತ್ತಿರವೇನೇ ಅವನೂರು." ಹೇಳು ಎಂದರೆ ಮಾತಾಡು, ಏಳು ಎಂದರೆ ಹಾಸಿಗೆ ಬಿಡು. ಇಪ್ಪತ್ತಾರು ವರ್ಷದಿಂದ ನಾನು ಈ ಸೀಮೆಯ ಮಕ್ಕಳ ಬಾಯಿಗೆ ಒಂದು 'ಹ' ತುರುಕಲು ಹೆಣಗುತ್ತಿದ್ದೇನೆ. ತಮಿಳು ನಾಡಿನಲ್ಲಿ ಕನ್ನಡ ಪಾಠಕ್ಕೆ ಬರುವುದೇ ಹತ್ತು ಹನ್ನೆರಡು ಮಕ್ಕಳು. ಅವರೂ ಅಪ್ಪನನ್ನು ನೋಡಿ "ಓಗು" ಎನ್ನುತ್ತಾರೆ. ಈಗ ಬೊಂಬಾಯಿಯಿಂದ ಒಬ್ಬಳು ಬಂದು ಅದನ್ನೇ ತಟ್ಟೆಯಲ್ಲಿ ಅಚ್ಚು ಹೊಡೆಸಿದ್ದಾಳೆ.

ಹೇಳಿದೆ. ಅಂಕಮ್ಮ ನಕ್ಕಳು.

"ಅದಕ್ಕೇ ಅತ್ಗೆ ಇಷ್ಟ. ನಮ್ಮಂಗೇ ಆಡ್ತಾಳೆ."

ಏಪ್ರಿಲ್ 19, ಶುಕ್ರವಾರ

ಮಾದೇಶ ಮಧ್ಯಾಹ್ನ ಬಂದಿದ್ದ. ಊಟ ಮಾಡಿ, ಟಯರ್ ಬದಲಿಸಿ, ಸಂಜೆಗೆ ಹೊರಟುಬಿಟ್ಟ. ರೈಲಿನವರು ಮುಷ್ಕರ ಹೂಡುತ್ತಾರಂತೆ. ಹಾಗಾದರೆ ಇಡೀ ದೇಶದ ಸಾಮಾನು ಲಾರಿಗೇ ಬರುತ್ತದೆ ಎಂದು ಶಂಕಗಿರಿಯ ಓನರುಗಳೆಲ್ಲ ಕುಣಿಯುತ್ತಿದ್ದಾರೆ. ಇವನೂ ಸ್ಟಿಯರಿಂಗ್ ಹಿಡಿದಿದ್ದಾನೆ.

ಅವನು ಹೊರಡುವ ಮುಂಚೆ ಹೇಳಿಯೇಬಿಟ್ಟೆ. "ನಿನ್ನ ಹೆಂಡತಿ ಡ್ರೈವರ್ ಕೈಲಿ ಪ್ಲೇಟ್ ತರಿಸಿದ್ದಾಳೆ. ದಿನಾ ಹಾಕ್ತಾಳೆ. ಶೆಡ್ಡಿನವರೆಲ್ಲ ಸುತ್ತಿಗೆ ಕೆಳಗಿಟ್ಟು ಕೇಳ್ತಾರೆ. ಇದು ಮರ್ಯಾದಸ್ಥರ ಮನೆಗೆ ಒಪ್ಪೋದಲ್ಲ."

"ಅಣ್ಣಾಮಲೈ ಕೈಲಿಯಾ?" ಎಂದ. ಅಷ್ಟೇ. ಹೊರಟುಹೋದ.

ನನ್ನ ಕರ್ತವ್ಯ ನಾನು ಮಾಡಿದೆ. ಅಮ್ಮ ಸತ್ತಾಗ ಅವನಿಗೆ ಎರಡು ವರ್ಷ. ನಾನು ಹದಿಮೂರಕ್ಕೆ ತಾಳಿ ತೆಗೆದು ತವರಿಗೆ ಬಂದು ಎರಡು ವರ್ಷ. ಎತ್ತಿ ಆಡಿಸಿ ಬೆಳೆಸಿದವಳು ಇಷ್ಟೂ ಹೇಳದಿದ್ದರೆ ಹೇಗೆ?

ಏಪ್ರಿಲ್ 24

ಸುಮ್ಮನೆ ಗೊಣಗಿ ಫಲವಿಲ್ಲ. ತಪ್ಪುಗಳನ್ನು ಪಟ್ಟಿ ಮಾಡಿ ಆ ಹೆಂಗಸಿಗೇ ಬರೆಯುತ್ತೇನೆ. ಕವರಿನ ಹಿಂದೆ ಕಂಪನಿಯ ವಿಳಾಸವಿದೆ.

ಅದಕ್ಕೆ ಹಾಡನ್ನು ಸರಿಯಾಗಿ ಕೇಳಬೇಕಾಯಿತು. ಇವತ್ತು ಒಂಬತ್ತು ಸಲ ಹಾಕಿಸಿದೆ. ಅಂಕಮ್ಮ ಅಡುಗೆಮನೆಯಿಂದ ಓಡಿ ಓಡಿ ಬಂದು ಮುಳ್ಳು ಎತ್ತಿ ಇಟ್ಟಳು. ಅತಿ ಘೋರವಾದದ್ದು ನಾಲ್ಕನೆಯ ಸಾಲು. "ಹೆಸರು ಹಿಡಿದು ಕೂಗುತ್ತ" ಎನ್ನಬೇಕಾದಲ್ಲಿ "ಎಸರು ಇಡಿದು ಕೂಗುತ್ತ." ಪ್ರಿಯನನ್ನು ಹುಡುಕಿ ಹೊರಟವಳು ದಾರಿಯಲ್ಲಿ ಮುದ್ದೆಗೆ ಎಸರಿಟ್ಟಂತಾಯಿತು. ಇದನ್ನು ಹೇಳಿದಾಗ ಅಂಕಮ್ಮ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ನಗುವಂಥದ್ದೇನಿದೆ? ಭಾಷೆಯ ಕೊಲೆ.

ಒಂದು ಮಾತು ಮಾತ್ರ ನ್ಯಾಯವಾಗಿ ಬರೆಯಬೇಕು. "ಅವನೂರು" ಎನ್ನುವಾಗ ದನಿಯನ್ನು ಮೇಲಕ್ಕೆ ಒಯ್ದು ಅಲ್ಲೇ ಬಿಟ್ಟುಬಿಡುತ್ತಾಳೆ, ಇಳಿಸುವುದಿಲ್ಲ. ಅದು ತಪ್ಪೋ ಸರಿಯೋ ತಿಳಿಯದು. ನಾಳೆ ಮತ್ತೆ ಕೇಳಬೇಕು.

ಏಪ್ರಿಲ್ 29

ಪಟ್ಟಿ ಹದಿನೇಳಕ್ಕೆ ಬಂತು. ಉಳಿದ ಹಾಡುಗಳನ್ನೂ ಪರಿಶೀಲಿಸಬೇಕೆಂದು ಎರಡೂ ಮಗ್ಗುಲು ಹಾಕಿಸಿದೆ. ಎರಡನೆಯ ಹಾಡು ಇಂಗ್ಲಿಷು. ಅರ್ಥವಾಗದ್ದರಿಂದ ತಪ್ಪು ಸಿಗಲಿಲ್ಲ. ಆದ್ದರಿಂದ ಅದನ್ನು ಕೇಳುವುದು ಸ್ವಲ್ಪ ಹಗುರ. ಅದರಲ್ಲಿ ನಡುವೆ ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಯಾರೋ ಪಕ್ಕದಲ್ಲೇ ಕೂತಂತೆ.

ಕಟ್ಟಿನೊಳಗೆ ಕಾಲು ತುರಿಸುತ್ತದೆ. ಬಿದಿರ ಕಡ್ಡಿಯಿಂದ ಕೆರೆದುಕೊಳ್ಳುತ್ತಿದ್ದೆ. ಅಂಕಮ್ಮ, "ಅತ್ಗೆ, ತಾಳಕ್ಕೆ ಸರ್ಯಾಗಿ ಕೆರ್ಕೊಂತಿದೀರ" ಎಂದಳು. ಬಾಯಿ ಜಾಸ್ತಿಯಾಗಿದೆ ಇವಳಿಗೆ.

ಮೇ 5

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಮಧ್ಯಾಹ್ನ ಎರಡು ಗಂಟೆಯೂ ಆಯಿತು. ಕಾಲು ಮುರಿದು ಬಿದ್ದವರು, ವಯಸ್ಸಾದವರು ಏನು ಮಾಡಬೇಕು? ಹೀಗೆಲ್ಲ ತೆಗೆಯುವುದಾದರೆ ಕೊಟ್ಟಿದ್ದೇಕೆ?

ಮೇ 13, ಸೋಮವಾರ

ಮುಷ್ಕರ ಶುರುವಾಗಿ ಆರನೆಯ ದಿನ. ಮಾದೇಶ ಅತ್ತ ಹೋದವನು ಬಂದಿಲ್ಲ. ಊರಿನಲ್ಲಿ ಗಂಡಸರೇ ಇಲ್ಲ, ಎಲ್ಲರೂ ರಸ್ತೆಯ ಮೇಲಿದ್ದಾರೆ. ಶೆಡ್ಡು ಖಾಲಿ. ಇಷ್ಟು ನಿಶ್ಶಬ್ದ ಇರುವಾಗ ಆ ಹಾಡುಗಳಲ್ಲಿ ಇನ್ನೂ ಏನೇನೋ ಕೇಳಿಸುತ್ತದೆ. ಮೂರನೆಯದರಲ್ಲಿ ಹಿಂದುಗಡೆ ಯಾರೋ ಕೊಳಲು ಊದುತ್ತಾರೆ. ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಅಂಕಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಕೂದಲು ಹರಡಿ ನನ್ನ ಮಂಚದ ಕಾಲಿಗೆ ಒರಗಿ ಕೂತಳು.

"ನಿಂಗೆ ಏನು ಸಿಗುತ್ತೆ ಇದರಲ್ಲಿ?" ಎಂದು ಕೇಳಿದೆ. ಬೈಯಲು ಕೇಳಿದ್ದಲ್ಲ. ತಿಳಿಯಬೇಕಾಗಿತ್ತು.

ಕೂದಲ ಸಿಕ್ಕು ಬಿಡಿಸುತ್ತ ಹೇಳಿದಳು. "ಊರಾಗೆ ಕುರಿ ಇಂದೆ ಓಗ್ತಿದ್ದಾಗ ಗುಡ್ಡದ ಮ್ಯಾಲೆ ಯಾರೂ ಇರ್ತಿರ್ಲಿಲ್ಲ. ಗಂಟ್ಲು ಕಿತ್ಕೊಳಂಗೆ ಕೂಗ್ತಿದ್ದೆ ಅತ್ಗೆ. ಸುಮ್ಕೆ. ಇಲ್ಲಿ ಕೂಗೋಕಾಯ್ತದಾ? ಆಕೆ ನನ್ನ ಬದ್ಲು ಕೂಗ್ತಾಳೆ ಅನ್ನಿಸ್ತದೆ."

ಹುಚ್ಚು ಮಾತು. ನನಗೂ ಇಪ್ಪತ್ತೆರಡಿತ್ತು. ಬಿಳಿ ಸೀರೆ ಉಟ್ಟು ಪಾಠ ಮಾಡುತ್ತಿದ್ದೆ. ಕೂಗಬೇಕೆಂದು ಅನ್ನಿಸಿತ್ತೇ? ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅದರಿಂದ ನನಗೇನೂ ಕಡಿಮೆಯಾಗಿಲ್ಲ.

ಸಂಜೆ ಆರನೆಯ ಹಾಡು ಎರಡು ಸಲ.

ಮೇ 29, ಬುಧವಾರ

ಇದನ್ನು ಬರೆಯಲು ಇಷ್ಟವಿಲ್ಲ. ಆದರೂ ಬರೆಯುತ್ತೇನೆ.

ಮುಷ್ಕರ ಮೊನ್ನೆ ಮುಗಿಯಿತು. ನಿನ್ನೆ ಬೆಳಿಗ್ಗೆ ಮಾದೇಶ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಗಿದ್ದವು. ಅಂಕಮ್ಮ ನೀರು ಕೊಡಲು ಹೋದರೆ ಚೊಂಬು ತಳ್ಳಿಬಿಟ್ಟ.

"ಬಾಂಬೇಲಿ ನಮ್ಮೂರ ಲಾರಿಯೋರೆಲ್ಲ ಕೇಳ್ತಾರೆ. ನಿನ್ನ ಸಂಸಾರಕ್ಕೆ ಡ್ರೈವರ್ ಪ್ಲೇಟ್ ತಂದ್ಕೊಡ್ತಾನಂತೆ, ಇನ್ನೇನೇನು ತಂದ್ಕೊಡ್ತಾನೆ ಅಂತ. ಮಾನ ಓಯ್ತು, ಮಾನಂ ಪೋಚ್ಚು!"

ಅಂಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚೊಂಬನ್ನು ಎತ್ತಿ ನೆಟ್ಟಗಿಟ್ಟಳು. "ಅಣ್ಣಾಮಲೈ ಅಣ್ಣ ನಮ್ಮಪ್ಪನ ವಯಸ್ಸಿಂದು" ಎಂದಳು. ಅಷ್ಟೇ ಹೇಳಿದ್ದು.

ಅವನು ಪ್ಲೇಟನ್ನು ಕಿತ್ತುಕೊಂಡು ಮೊಣಕಾಲಿಗೆ ಹಚ್ಚಿ ಮುರಿಯಲು ನೋಡಿದ. ಹಳೆಯ ಪ್ಲೇಟುಗಳಂತೆ ಇವು ಒಡೆಯುವುದಿಲ್ಲ, ಬಾಗುತ್ತವೆ. ಎರಡು ಸಲ ಬಗ್ಗಿಸಿ, ಆಗದೆ, ಇನ್ನೂ ಸಿಟ್ಟು ಬಂದು ಅಂಗಳಕ್ಕೆ ಎಸೆದ. ಅಣ್ಣಾಮಲೈಯನ್ನು ಶೆಡ್ಡಿನಿಂದ ಕರೆಸಿ, ಎಲ್ಲರೆದುರು ಲಾರಿಯ ಕೀ ಇಸಿದುಕೊಂಡು, ಇನ್ನು ಬರಬೇಡ ಎಂದ. ಅಂಕಮ್ಮನಿಗೆ ಪೆಟ್ಟಿಗೆ ಕಟ್ಟು ಎಂದ.

ನಾನು ಮಂಚದಿಂದ ಕೂಗಿದೆ. "ಏನ್ಲಾ ಇದು ಮಾದೇಶ! ಯಾರೋ ಹಲ್ಲು ಕಿರಿದರೆಂದು ಮನೆ ಮುರೀತೀಯ?"

ಅವನು ನನ್ನ ಕಡೆ ತಿರುಗಿದ. "ನೀನೇ ತಾನೇ ಅಕ್ಕ ಏಳಿದ್ದು? ಮರ್ಯಾದಸ್ಥರ ಮನೆಗೆ ಒಪ್ಪಲ್ಲ ಅಂತ? ಡ್ರೈವರ್ ಕೈಲಿ ತರ್ಸ್ಕೊಂಡ್ಳು ಅಂತ?"

ನಾನು ಹೇಳಿದ್ದು ಹಾಗಲ್ಲ. ಇವನು ಅದನ್ನು ಎಲ್ಲಿಂದ ಎಲ್ಲಿಗೆ ಕಟ್ಟಿದ! ಹೇಳಿದ್ದು ಸದ್ದಿನ ವಿಷಯ, ಶಿಸ್ತಿನ ವಿಷಯ. ಅಕ್ಕನ ಮಾತನ್ನು ಹೀಗೆ ತಿರುಚುವುದಕ್ಕೆ ಇವನನ್ನು ಬೆಳೆಸಿದೆನೇ?

ಅಂಕಮ್ಮ ನನ್ನ ಮುಖ ನೋಡಿದಳು. ಅಳುತ್ತಿರಲಿಲ್ಲ. ಹೇಳಿದವಳು ನಾನೆಂದು ಅವಳಿಗೆ ಆಗ ಗೊತ್ತಾದದ್ದು. ಪೆಟ್ಟಿಗೆ ಎತ್ತಿಕೊಂಡು ಕಂಬೈನಲ್ಲೂರಿಗೆ ಹೊರಟುಹೋದಳು.

ಪ್ಲೇಟು ಅಂಗಳದಲ್ಲೇ ಬಿದ್ದಿತ್ತು. ಎದ್ದು ಹೋಗಿ ತರಲು ನನಗೆ ಕಾಲಿಲ್ಲ, ಕಾಲಿದ್ದವರಿಗೆ ಮನಸ್ಸಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಹೋಯಿತು. ಕಿಟಕಿಯಿಂದ ನೋಡುತ್ತಲೇ ಇದ್ದೆ.

ಜೂನ್ 1

ಕೋಲು ಹಿಡಿದು ಬಾಗಿಲವರೆಗೆ ನಡೆದೆ. ಗೇಟಿನ ಹೊರಗೆ ಅಣ್ಣಾಮಲೈ ನಿಂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾನ್ ಎನ್ನ ತಪ್ಪು ಪಣ್ಣೇನ್, ಟೀಚರಮ್ಮಾ?" ಎಂದ. "ಎನ್ ಪೊಣ್ಣು ಮಾದಿರಿ ಅಂದ ಪುಳ್ಳೆ."

ನಾನೇನು ತಪ್ಪು ಮಾಡಿದೆ, ಆ ಹುಡುಗಿ ನನ್ನ ಮಗಳ ಹಾಗೆ. ಹನ್ನೊಂದು ವರ್ಷ ಈ ಮನೆಯ ಲಾರಿ ಓಡಿಸಿದವನು ಗೇಟಿನ ಹೊರಗೆ ನಿಂತು ಕೇಳುತ್ತಾನೆ. ಉತ್ತರ ಕೊಡಬೇಕಾದವನು ಒಳಗೆ ಕೂತು ಅನ್ನ ತಿನ್ನುತ್ತಿದ್ದ. ಮೂರು ದಿನದಿಂದ ಅನ್ನ ಬೇಯಿಸಿ ಹಾಕುತ್ತಿರುವುದು ಒಂಟಿಕಾಲಿನ ನಾನು!

ಜೂನ್ 3

ನಮ್ಮ ಜನದ ಹಿರಿಯ ಹನುಮಂತರಾಯಪ್ಪ ಬಂದಿದ್ದರು. ಗುರುವಾರ ಕಂಬೈನಲ್ಲೂರಿನಲ್ಲಿ, ಅಂಕಮ್ಮನ ಅಪ್ಪ ಸಣ್ಣಯ್ಯನ ಮನೆಯ ಮುಂದೆ ಕೂತು ಮಾತಾಡುತ್ತಾರಂತೆ. ಮುಂಚೆಯೇ ತೀರ್ಮಾನವಾಗಿದೆ. ಅಂಕಮ್ಮ ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು, ಇನ್ನು ಆ ಹಾಡಿನ ಪೆಟ್ಟಿಗೆ ಮುಟ್ಟುವುದಿಲ್ಲ ಅನ್ನಬೇಕು, ಮಾದೇಶ ಕರೆದುಕೊಂಡು ಬರಬೇಕು.

"ಯಾವ ತಪ್ಪು?" ಎಂದು ಕೇಳಿದೆ.

"ಟೀಚರಮ್ಮ, ಸಂಸಾರ ಅಂದ್ಮ್ಯಾಲೆ ಎಣ್ಣೆಂಗಸು ಒಂದ್ ಮಾತು ತಗ್ಗಬೇಕು. ಅದ್ರಾಗೇನೈತೆ?"

ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಗುರುವಾರ ನಾನೂ ಬರುತ್ತೇನೆ ಎಂದಿದ್ದೇನೆ. ಮಾದೇಶ ಬೇಡ ಎಂದ. ಬೇಡ ಎನ್ನಲು ಇವನು ಯಾರು?

ಜೂನ್ 6, ಗುರುವಾರ. ಕಂಬೈನಲ್ಲೂರು

ಲಾರಿಯ ಮುಂದುಗಡೆ ಮಾದೇಶ, ಹನುಮಂತರಾಯಪ್ಪ, ನಾನು, ನನ್ನ ಕಾಲು. ಸೇಲಂ, ಧರ್ಮಪುರಿ ದಾಟಿ ಬಂದೆವು.

ನಮ್ಮ ನ್ಯಾಯದಲ್ಲಿ ಹೆಂಗಸರು ಬಾಗಿಲ ಹಿಂದೆ ನಿಲ್ಲುವುದು ಪದ್ಧತಿ. ನಾನು ನಿಲ್ಲಲಾರೆ, ನೆಲಕ್ಕೆ ಕೂರಲಾರೆ. ಸಣ್ಣಯ್ಯ ಒಂದು ಕುರ್ಚಿ ಹಾಕಿಸಿದರು. ಬೇವಿನ ನೆರಳು ಬೇರೆ ಕಡೆ ಇರಲಿಲ್ಲವಾದ್ದರಿಂದ ಆ ಕುರ್ಚಿ ಗಂಡಸರ ನಡುವೆಯೇ ಬಿತ್ತು.

ಹನುಮಂತರಾಯಪ್ಪ ಗಂಟಲು ಸರಿಮಾಡಿಕೊಂಡರು. "ಅಂಕಮ್ಮಾ, ಬಾರವ್ವ ಈಚೆಗೆ. ತಪ್ಪಾಯ್ತು ಅಂದ್ಬುಡು, ಇನ್ನ ಆ ಪೆಟ್ಗೆ ಮುಟ್ಟಕಿಲ್ಲ ಅನ್ನು. ಮುಗೀತು, ಎಲ್ರೂ ಊಟಕ್ಕೇಳುವಾ."

ಅಂಕಮ್ಮ ಹೊಸಿಲ ಮೇಲೆ ಬಂದು ನಿಂತಳು. ಒಂದು ವಾರದಲ್ಲಿ ಕೆನ್ನೆ ಇಳಿದುಹೋಗಿದೆ. ಬಾಯಿ ತೆರೆದಳು. ಇವರೆಲ್ಲರೂ ಮಜ್ಜಿಗೆ ಲೋಟ ಹಿಡಿದುಕೊಂಡು ಆ ಹುಡುಗಿಯ ಬಾಯನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆ ಪ್ಲೇಟು ನಂದು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ನಂದು. ಪೊಂಗಲಿಗೆ ಬಂದಾಗ ಅಣ್ಣಾಮಲೈಗೆ ಹೇಳಿ ನಾನೇ ತರಿಸಿದ್ದು. ಅಂಕಮ್ಮ ನನಗೋಸ್ಕರ ಹಾಕ್ತಿದ್ದಳು."

"ನೀನೇ ಬೈದಲ್ಲ ಅಕ್ಕ!" ಎಂದ ಮಾದೇಶ.

"ಬೈದೆ. ಈ ವಯಸ್ಸಿನಲ್ಲಿ ನಂದು ಅಂತ ಹೇಳಿಕೊಳ್ಳೋಕೆ ನಾಚಿಕೆಯಾಯ್ತು, ಅವಳ ಮೇಲೆ ಹಾಕಿದೆ."

ಹನುಮಂತರಾಯಪ್ಪ ನಗತೊಡಗಿದರು. "ಬಿಳಿ ಸೀರೆ ಟೀಚರಮ್ಮಂಗೆ ಬೆಲ್‌ಬಾಟಂ ಪಾಟ್ಟಾ? ಅಂಗಾದ್ರೆ ಒಂದ್ ಪದ ಆಡಿ, ನಾವೂ ಕೇಳುವಾ."

ಹಾಡಿದೆ. ಕೋಲನ್ನು ಎರಡು ಕಾಲಿನ ನಡುವೆ ನೆಟ್ಟುಕೊಂಡು, ಕುರ್ಚಿಯಲ್ಲಿ ಕೂತು, ಆ ಗಂಡಸರ ಮುಖ ನೋಡುತ್ತಲೇ, ಪಲ್ಲವಿಯಿಂದ ಕೊನೆಯವರೆಗೆ. "ಅವನೂರು" ಎಂಬಲ್ಲಿ ದನಿ ಮೇಲೆ ಹೋಯಿತು. ಬಿಟ್ಟುಬಿಟ್ಟೆ. ಇಳಿಸಲಿಲ್ಲ. ನನಗೆ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬಾಗಿಲ ಹಿಂದಿನ ಹೆಂಗಸರು ಕತ್ತು ಚಾಚಿದರು, ಕೊಟ್ಟಿಗೆಯಲ್ಲಿದ್ದ ಕುರಿಗಳೂ ಚಾಚಿದವು.

ಮುಗಿದ ಮೇಲೆ ಗೊತ್ತಾಯಿತು. ನಾನು ಹಾಡಿದ್ದು "ಏಳೇ ಏಳೇ ಎದ್ದಾರಿ." ಒಂದೇ ಒಂದು 'ಹ' ಬಾಯಿಗೆ ಬರಲಿಲ್ಲ. ಎಸರೂ ಇಟ್ಟೆ. ಇಪ್ಪತ್ತಾರು ವರ್ಷದ ಸರ್ವೀಸು! ಎಲ್ಲಾ ಆ ಐರೀನಳ ಕೆಲಸ.

ಎಲ್ಲರೂ ನಕ್ಕರು. ಮಾದೇಶನ ಮುಖವೂ ಸಡಿಲವಾಯಿತು. "ಅಕ್ಕಂದು ಅಂದ್ರೆ ಬಿಡಿ" ಎಂದ. ನ್ಯಾಯ ಮುಗಿಯಿತು. ಜೀವನದಲ್ಲಿ ಮೊದಲ ಸಲ ಹಿರಿಯರ ಮುಂದೆ ಸುಳ್ಳು ಹೇಳಿದೆ, ಅದು ಇಷ್ಟು ಸುಲಭವಾಗಿ ಕೆಲಸ ಮಾಡಿತು. ಸುಳ್ಳಿಗೆ ಮಕ್ಕಳಿಗೆ ಎಷ್ಟು ಛಡಿ ಏಟು ಕೊಟ್ಟಿದ್ದೇನೆ!

ಆದರೆ ಊಟವಾದ ಮೇಲೆ ಅಂಕಮ್ಮ ಲಾರಿ ಹತ್ತಲಿಲ್ಲ. ಎರಡು ದಿನ ಬಿಟ್ಟು ಬರ್ತೀನಿ ಎಂದಳು. ನಾನೂ ಉಳಿದುಕೊಂಡೆ.

ಜೂನ್ 7. ಕಂಬೈನಲ್ಲೂರು

ಲೋಕದಲ್ಲಿ ಕೃತಜ್ಞತೆ ಎಂಬುದೇ ಇಲ್ಲ.

ಬೆಳಿಗ್ಗೆ ಅಂಕಮ್ಮ ಕಡೆಗೋಲು ಹಿಡಿದು ಮಜ್ಜಿಗೆ ಕಡೆಯುತ್ತಿದ್ದಳು. ಇವತ್ತಾದರೂ ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ಹತ್ತಿರ ಹೋಗಿ ಕೂತೆ.

"ಅತ್ಗೆ, ನಿಮ್ಮನ್ನ ಯಾರು ಕೇಳಿದ್ರು?" ಎಂದಳು.

"ಏನು?"

"ನಾನು ಮಾತಾಡ್ಬೇಕು ಅಂತ ಬಂದಿದ್ದೆ. ಏಳೆಂಟು ದಿನದಿಂದ ಆ ಮಾತ್ನ ಮನಸ್ನಾಗೇ ಕಟ್ತಿದ್ದೆ. ನಂಗಿಷ್ಟ ಆಯ್ತು, ತರ್ಸ್ದೆ, ಕೇಳಿದೆ, ಅದ್ರಾಗೆ ತಪ್ಪೇನೈತೆ ಅಂತ ಎಲ್ರ ಮುಂದೆ ಕೇಳ್ಬೇಕು ಅಂತಿದ್ದೆ. ನೀವು ಬಾಯಿ ಆಕ್ಬುಟ್ರಿ."

"ನಿನ್ನನ್ನ ಉಳಿಸೋಕೆ ಸುಳ್ಳು ಹೇಳಿದೆನಲ್ಲೇ!"

"ಉಳ್ಸಿದ್ರಾ? ಈಗ ಆ ಪ್ಲೇಟು ನಿಮ್ದಾಯ್ತು. ವಯಸ್ಸಾದ ಟೀಚರಮ್ಮ ತರ್ಸಿದ್ರೆ ತಪ್ಪಿಲ್ಲ, ನಕ್ಕೊಂಡ್ ಊಟಕ್ಕೆದ್ರು. ನಾನು ತರ್ಸಿದ್ರೆ ಇನ್ನೂ ತಪ್ಪೇ ಅಲ್ವಾ? ಅಣ್ಣಾಮಲೈ ಅಣ್ಣ ಇನ್ನೂ ಮನೇಲೇ ಕೂತೈತಲ್ವಾ?"

ಅವಳಿಗೆ ಕಣ್ಣೀರು ಬಂತು. ಕಡೆಯುವುದು ನಿಲ್ಲಿಸಲಿಲ್ಲ. "ಮದುವೆ ಆದ್ಮ್ಯಾಲೆ ನಾನಾಗೇ ಬೇಕು ಅಂದಿದ್ದು ಅದೊಂದೇ ಅತ್ಗೆ. ಅದೂ ನಂದಲ್ಲ ಅಂದ್ಬುಟ್ರಿ."

ಎದ್ದು ಬಂದೆ. ಹಿರಿಯರ ಮುಂದೆ ಮರ್ಯಾದೆ ಬಿಟ್ಟು ಹಾಡಿದ್ದೇನೆ, ಸುಳ್ಳು ಹೇಳಿದ್ದೇನೆ. ಇದು ನನಗೆ ಸಿಕ್ಕ ಮಾತು.

ಸಂಜೆ

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.

ಜೂನ್ 9, ಭಾನುವಾರ. ಶಂಕಗಿರಿ

ಬಸ್ಸಿನಲ್ಲಿ ಒಬ್ಬಳೇ ವಾಪಸ್ಸು ಬಂದೆ. ಮಾದೇಶ ಊಟಕ್ಕೆ ಕೂತಿದ್ದ.

"ಪ್ಲೇಟು ನಂದಲ್ಲ. ಅಂಕಮ್ಮಂದು. ಅವಳೇ ತರಿಸಿದ್ದು. ನಾನು ಸುಳ್ಳು ಹೇಳಿದೆ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಎಲ್ರ ಮುಂದೆ ಸುಳ್ಳೇಳಿದ್ಯಾ ಅಕ್ಕ? ನೀನು?"

"ಹೇಳಿದೆ. ನಾಳೆ ಹನುಮಂತರಾಯಪ್ಪನಿಗೂ ಕಾಗದ ಬರೀತೀನಿ. ಅದು ನನ್ನ ತಪ್ಪು, ನಾನು ನೋಡ್ಕೋತೀನಿ. ನೀನು ಇದಕ್ಕೆ ಉತ್ತರ ಹೇಳು. ಅವಳು ಒಂದು ಹಾಡು ಕೇಳಬೇಕು ಅಂದಳು. ನಂಬಿದ ಮನುಷ್ಯನ ಕೈಲಿ ತರಿಸಿದಳು. ಮನೆಯಲ್ಲಿ ಕೂತು ಕೇಳಿದಳು. ಇದರಲ್ಲಿ ಯಾವುದು ತಪ್ಪು? ಒಂದೊಂದಾಗಿ ಹೇಳು."

"ಜನ..."

"ಜನ ಅಲ್ಲ. ನೀನು ಹೇಳು."

ಅವನು ತುತ್ತನ್ನು ತಟ್ಟೆಗೆ ಹಾಕಿದ. ಆಮೇಲೆ ಮೆಲ್ಲಗೆ, "ನೀನು ಏಳ್ದಿದ್ರೆ ನಂಗೆ ಅದು ತಪ್ಪು ಅಂತ್ಲೇ ಅನ್ನಿಸ್ತಿರ್ಲಿಲ್ಲ" ಎಂದ.

ಅದಕ್ಕೆ ಹತ್ತು ಉತ್ತರ ನನ್ನ ಬಾಯಲ್ಲಿದ್ದವು. ಹತ್ತು ದಿನದಿಂದ ತಯಾರಿಟ್ಟುಕೊಂಡಿದ್ದೆ. ಸದ್ದಿನ ವಿಷಯ, ಶಿಸ್ತಿನ ವಿಷಯ. ಒಂದನ್ನೂ ಹೇಳಲಿಲ್ಲ.

"ಹೌದು. ಅದೂ ನನ್ನದೇ. ಚಾಡಿ ಹೇಳಿದೆ" ಎಂದೆ.

ಎತ್ತಿ ಬೆಳೆಸಿದ ಹುಡುಗನ ಮುಂದೆ ಹೀಗೆ ಹೇಳಿದ್ದು ಇದೇ ಮೊದಲು. ಅವನಿಗೂ ಕೇಳಲು ಕಷ್ಟವಾಗಿರಬೇಕು, ಕೈ ತೊಳೆದುಕೊಂಡು ಹೊರಗೆ ಹೋಗಿ ಲಾರಿಯ ಫುಟ್‌ಬೋರ್ಡಿನ ಮೇಲೆ ಕೂತ.

ಜೂನ್ 12

ಮಾದೇಶ ಬೆಳಿಗ್ಗೆ ಒಬ್ಬನೇ ಕಂಬೈನಲ್ಲೂರಿಗೆ ಹೋದ, ಹಿರಿಯರಿಲ್ಲದೆ. ಸಂಜೆ ಒಬ್ಬನೇ ಬಂದ.

"ಏನಂದಳು?"

"ಮೊದ್ಲು ಅಣ್ಣಾಮಲೈ ಮನೆಗೆ ಓಗು ಅಂದ್ಳು."

"ಸರಿಯಾಗಿ ಅಂದಳು" ಎಂದೆ. ಅವನು ಕೆಂಗಣ್ಣು ಬಿಟ್ಟ. ಬಿಡಲಿ.

ಜೂನ್ 14

ಅಣ್ಣಾಮಲೈ ಶೆಡ್ಡಿಗೆ ಬಂದ. ಮಾದೇಶನೇ ಹೋಗಿ ಕರೆದನಂತೆ, ಕೀಯನ್ನು ಅವನ ಹೆಂಡತಿ ಮಕ್ಕಳ ಎದುರಿಗೇ ಕೈಗೆ ಕೊಟ್ಟನಂತೆ. ಅಣ್ಣಾಮಲೈ ನನಗೆ ಕೈ ಮುಗಿದ. ನನಗೆ ಯಾಕೆ ಮುಗಿಯಬೇಕು? ಇನ್ನೊಂದು ಸಲ ಮುಗಿದರೆ ಕೋಲಿನಲ್ಲಿ ಬಾರಿಸುತ್ತೇನೆ ಎಂದೆ.

ಜೂನ್ 16, ಭಾನುವಾರ

ಅಂಕಮ್ಮ ನಿನ್ನೆ ಬಸ್ಸಿನಲ್ಲಿ ಬಂದಳು. ಯಾರೂ ಕರೆದುಕೊಂಡು ಬರಲಿಲ್ಲ, ಪೆಟ್ಟಿಗೆ ತಾನೇ ಹೊತ್ತಿದ್ದಳು. ಮಾದೇಶನ ಜೊತೆ ಹೆಚ್ಚು ಮಾತಿಲ್ಲ. ನನ್ನ ಜೊತೆಗೂ ಇಲ್ಲ. ಆದರೆ ರಾತ್ರಿ ಊಟಕ್ಕೆ ನನಗೆ ಎರಡನೆಯ ಮುದ್ದೆ ಕೇಳದೆ ಹಾಕಿದಳು.

ನಾಳೆ ಶಾಲೆ ತೆರೆಯುತ್ತದೆ. ನಾನು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಜಗಲಿಯಲ್ಲಿ ಕೂತು ಗಂಟು ಕಟ್ಟುತ್ತಿದ್ದೆ. ಅಂಗಳದಲ್ಲಿ ಮಾವಿನ ಲೋಡು ಬೊಂಬಾಯಿಗೆ ಹೊರಟು ನಿಂತಿತ್ತು. ಮಾದೇಶ ಹಗ್ಗ ಬಿಗಿಯುತ್ತಿದ್ದ, ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು. ಅಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಲಾರಿಯ ಹತ್ತಿರ ಹೋದಳು.

"ಅಣ್ಣಾ, ಬಾಂಬೇಲಿ ಐರೀನ್ ಪ್ಲೇಟು ಸಿಕ್ಕಿದ್ರೆ ನಂಗೊಂದು ತಗೊಂಡ್ ಬಾ" ಎಂದಳು. ಎಲ್ಲರಿಗೂ ಕೇಳಿಸುವಂತೆ.

ಅಣ್ಣಾಮಲೈ ಹೆದರಿ ಮಾದೇಶನ ಕಡೆ ನೋಡಿದ.

"ಅವ್ರನ್ನ ಯಾಕೆ ನೋಡ್ತೀಯ? ಕೇಳಿದ್ದು ನಾನು."

ಮಾದೇಶ ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿದ. ಬೇಕಾಗಿರಲಿಲ್ಲ, ಮೊದಲೇ ಬಿಗಿಯಾಗಿತ್ತು. ಆಮೇಲೆ ಯಾರ ಮುಖವನ್ನೂ ನೋಡದೆ, "ಏಳಿದ್ಳಲ್ಲ. ತಗೊಂಡ್ ಬಾ" ಎಂದ.

ಇಷ್ಟಕ್ಕೇ ಸುಮ್ಮನಿರಬೇಕಾಗಿತ್ತು ನಾನು. ಹಿಂದೆ ಒಂದು ಸಲ ನಡುವೆ ಬಾಯಿ ಹಾಕಿ ಅನುಭವಿಸಿದ್ದು ಸಾಲದೇ? ಆದರೂ ಲಾರಿ ಸ್ಟಾರ್ಟ್ ಆಗಿ, ಗೇಟಿನ ಹತ್ತಿರ ಹೋದಾಗ, ಕೋಲು ಊರಿ ಎದ್ದು ನಿಂತು ಕೂಗಿದೆ.

"ಅಣ್ಣಾಮಲೈ, ಎರಡು ತಾ! ನನಗೂ ಒಂದು!"

ನಂಗವಳ್ಳಿಯ ಮನೆಯಲ್ಲಿ ಪ್ಲೇಯರ್ ಇಲ್ಲ. ಅದನ್ನು ಆಮೇಲೆ ನೋಡಿದರಾಯಿತು.